ಮನೆ ಕಂದಾಯ: ಅಸೆಸರ್ ಕಟ್ಟಿದ ಬೆಲೆ ಸರಿಯಿದೆಯೇ?

ಓದುಗರ ಪ್ರಶ್ನೆ, ತಿಳಿದವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ಮನೆ ಕೊಂಡು ನೆಲೆಸಿರುವ ಕನ್ನಡಿಗರದು. ಅಲ್ಲಿ ಮನೆ ಕಂದಾಯವೆಂದರೆ ವರ್ಷಕ್ಕೆ ಸಾವಿರಾರು ಡಾಲರ್. ಟೌನ್ ಅಥವಾ ಕೌಂಟಿಯ ಅಸೆಸರ್ ನಿಮ್ಮ ಮನೆಗೆ ಎಷ್ಟು ಬೆಲೆ ಕಟ್ಟಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಮೊದಲೇ ಒಂದು ಮಾತು: ಪತ್ರ ಬರೆದವರಲ್ಲಿ ಬಹುಪಾಲು ಜನ ‘ತೆರಿಗೆ ಜಾಸ್ತಿಯಾಯಿತು’ ಎಂದು ತಕರಾರು ಹಾಕಲು ಹೊರಟಿದ್ದೀರಿ. ಆ ತಕರಾರನ್ನು ಯಾವ ಮಂಡಳಿಯೂ ಕೇಳುವುದಿಲ್ಲ. ತೆರಿಗೆಯ ದರ ತೀರ್ಮಾನಿಸುವವರು ಟೌನ್ ಕೌನ್ಸಿಲ್, ಶಾಲಾ ಮಂಡಳಿ, ಕೌಂಟಿ. ಅಸೆಸರ್ ಕೈಯಲ್ಲಿರುವುದು ಬೆಲೆ ಮಾತ್ರ, ನೀವು ಪ್ರಶ್ನಿಸಬಹುದಾದದ್ದೂ ಅಷ್ಟನ್ನೇ. ಆ ಪ್ರಶ್ನೆಯನ್ನು ಯಾವ ಆಧಾರದ ಮೇಲೆ ಕೇಳಬಹುದು ಎಂಬುದು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಪ್ರಶ್ನೆ: ನಾವಿರುವುದು ನ್ಯೂ ಜೆರ್ಸಿಯಲ್ಲಿ. ನಮ್ಮ ಮನೆಗೆ 5,20,000 ಡಾಲರ್ ಬೆಲೆ ಕಟ್ಟಿದ್ದಾರೆ. ಅದೇ ಬೀದಿಯಲ್ಲಿ ನಮ್ಮಂಥದೇ ಮನೆಗೆ 4,60,000. ಊರಿನ ಸರಾಸರಿ ಅನುಪಾತ ಶೇ 70 ಎಂದು ಜಾಲತಾಣದಲ್ಲಿದೆ, ಅದರ ಅರ್ಥ ಗೊತ್ತಾಗಲಿಲ್ಲ. ಮೇಲ್ಮನವಿ ಹಾಕಬಹುದೇ?

ಉತ್ತರ: ಪಕ್ಕದ ಮನೆಯ ಅಸೆಸ್‌ಮೆಂಟ್ ಅಂಕಿಯನ್ನು ಅಲ್ಲಿಗೇ ಬಿಡಿ. ನ್ಯೂ ಜೆರ್ಸಿಯ ಕೌಂಟಿ ತೆರಿಗೆ ಮಂಡಳಿ ಅದನ್ನು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಅಲ್ಲಿ ಬೇಕಿರುವುದು ಮಾರಾಟದ ಬೆಲೆಗಳು.

ಅನುಪಾತದ ಅರ್ಥ ಹೀಗೆ. ಕಾಗದದ ಮೇಲೆ ಪ್ರತಿ ಮನೆಗೂ ಪೂರ್ತಿ ಮಾರುಕಟ್ಟೆ ಬೆಲೆಯನ್ನೇ ಕಟ್ಟಬೇಕು. ಆದರೆ ಊರಿಗೆ ಊರೇ ಮರುಮೌಲ್ಯಮಾಪನವಾಗಿ ಎಂಟು ಹತ್ತು ವರ್ಷ ಕಳೆದಿದ್ದರೆ ಮಾರುಕಟ್ಟೆ ಮೇಲೇರಿರುತ್ತದೆ, ಕಡತದ ಬೆಲೆ ಹಾಗೇ ಉಳಿದಿರುತ್ತದೆ. ಒಂದು ಊರಿನ ಕಡತದ ಬೆಲೆಗಳು ನಿಜವಾದ ಬೆಲೆಯ ಶೇಕಡ ಎಷ್ಟು ಎಂಬುದನ್ನು ರಾಜ್ಯದ ತೆರಿಗೆ ವಿಭಾಗ ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಪ್ರಕಟಿಸುತ್ತದೆ. ನಿಮ್ಮ ಊರಿನಲ್ಲಿ ಅದು 70. ಅಂದರೆ 10 ಲಕ್ಷ ಡಾಲರ್ ಬಾಳುವ ಮನೆಗೆ ಕಡತದಲ್ಲಿ ಸರಾಸರಿ 7 ಲಕ್ಷ.

1973ರ ಒಂದು ಕಾನೂನು ಈ ಅನುಪಾತದ ಎರಡೂ ಬದಿಗೆ ಶೇ 15ರಷ್ಟು ಅಂಚು ಬಿಡುತ್ತದೆ. ಜನ ಅದನ್ನು ‘ಚಾಪ್ಟರ್ 123’ ಎಂದೇ ಕರೆಯುತ್ತಾರೆ. 70ರ ಶೇ 15 ಎಂದರೆ 10.5. ಹಾಗಾಗಿ ನಿಮ್ಮ ಊರಿನ ಪಟ್ಟಿ 59.5ರಿಂದ 80.5ರ ತನಕ. ಈಗ ನಿಮ್ಮ ಮನೆಯ ನಿಜವಾದ ಬೆಲೆ ಹಿಂದಿನ ವರ್ಷದ ಅಕ್ಟೋಬರ್ 1ರಂದು 6,00,000 ಇತ್ತು ಎಂದು ತೋರಿಸಿದಿರಿ ಅನ್ನಿ. 5,20,000ವನ್ನು 6,00,000ದಿಂದ ಭಾಗಿಸಿದರೆ ಶೇ 86.67. ಅದು ಪಟ್ಟಿಯ ಆಚೆಗಿದೆ. ಆಗ ಬೆಲೆ 80.5ಕ್ಕೆ ಇಳಿದು ನಿಲ್ಲುವುದಿಲ್ಲ, ನೇರ 70ಕ್ಕೆ, ಅಂದರೆ 4,20,000ಕ್ಕೆ ಇಳಿಯುತ್ತದೆ. ಅದೇ ಮನೆ 6,50,000 ಬಾಳುತ್ತದೆ ಎಂದು ಮಂಡಳಿ ಒಪ್ಪಿದರೆ ಅನುಪಾತ ಸರಿಯಾಗಿ ಶೇ 80. ಅದು ಪಟ್ಟಿಯ ಒಳಗೇ ಇದೆ, ಒಂದು ಡಾಲರೂ ಇಳಿಯುವುದಿಲ್ಲ. ಈ ಗುಣಾಕಾರ ಭಾಗಾಕಾರ ಮಾಡದೆ ಅರ್ಜಿ ಹಾಕಿ ಬರಿಗೈಲಿ ಬರುವವರೇ ಹೆಚ್ಚು. ನಿಮ್ಮ ವಿಷಯದಲ್ಲಿ ಗೆರೆ ಎಲ್ಲಿದೆ ನೋಡಿ: 5,20,000 ÷ 0.805, ಸುಮಾರು 6,46,000. ನಿಮ್ಮ ಮನೆ ಅದಕ್ಕಿಂತ ಕಡಿಮೆ ಬಾಳುತ್ತದೆ ಎಂದು ಮೂರರಿಂದ ಐದು ಮಾರಾಟಗಳ ಆಧಾರದಿಂದ ತೋರಿಸಲು ಆಗುತ್ತದೆಯೇ ಎಂಬುದೊಂದೇ ಪ್ರಶ್ನೆ. ಅನುಪಾತ ಕೆಳಗಿನ ಗೆರೆಗಿಂತಲೂ ಕೆಳಗೆ ಬರುವಂತಿದ್ದರೆ ಅರ್ಜಿಯ ಗೋಜಿಗೇ ಹೋಗಬೇಡಿ. ಬೆಲೆ ಏರಿಸಬೇಕೆಂದು ಟೌನ್ ಕೂಡ ಕೇಳಬಹುದು.

ಮಾರಾಟಗಳನ್ನು ಆಯುವಾಗ ಅಕ್ಟೋಬರ್ 1ಕ್ಕೆ ಹತ್ತಿರದವನ್ನು ಹಿಡಿಯಿರಿ. ಅಣ್ಣ ತಮ್ಮಂದಿರ ನಡುವಿನ ಮಾರಾಟ, ಬ್ಯಾಂಕ್ ಜಪ್ತಿ ಮಾಡಿ ಮಾರಿದ ಮನೆ, ವಿಚ್ಛೇದನದಲ್ಲಿ ಕೈಬದಲಾದ ಮನೆ, ಇವು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಮಾರಾಟವನ್ನೂ ಟೌನ್ ‘ಬಳಸಬಹುದಾದದ್ದು’, ‘ಬಳಸಲಾಗದ್ದು’ ಎಂದು ಗುರುತು ಮಾಡಿರುತ್ತದೆ, ಮೊದಲು ಆ ಗುರುತು ನೋಡಿಕೊಳ್ಳಿ. ಝಿಲೋದಂಥ ಮನೆ ಮಾರಾಟದ ಜಾಲತಾಣ ತೋರಿಸುವ ಅಂದಾಜು ಬೆಲೆಗೆ ಅಲ್ಲಿ ಬೆಲೆಯಿಲ್ಲ. ಸಾಲಕ್ಕೆಂದು ಬ್ಯಾಂಕ್ ಮಾಡಿಸಿದ ಅಪ್ರೈಸಲ್ (ಬೆಲೆ ಅಂದಾಜಿನ) ವರದಿ ಕೊಡುವುದಾದರೆ ಅದನ್ನು ಬರೆದ ಅಪ್ರೈಸರ್ ವಿಚಾರಣೆಗೆ ಬಂದು ಪ್ರಶ್ನೆಗಳಿಗೆ ಉತ್ತರಿಸಬೇಕು.

ಗಡುವು ಏಪ್ರಿಲ್ 1. ಊರಿಗೆಲ್ಲ ಮರುಮೌಲ್ಯಮಾಪನವಾದ ವರ್ಷ ಮೇ 1. ಮಾನ್‌ಮತ್‌ನಂಥ ಕೆಲವು ಕೌಂಟಿಗಳಲ್ಲಿ ಜನವರಿ 15. ಅಂಚೆಗೆ ಹಾಕಿದ ದಿನಾಂಕ ಲೆಕ್ಕಕ್ಕಿಲ್ಲ, ಅರ್ಜಿ ಗಡುವಿನೊಳಗೆ ಮಂಡಳಿಯ ಕೈ ಸೇರಿರಬೇಕು. ಶುಲ್ಕ ಕಟ್ಟಿದ ಬೆಲೆಯ ಮೇಲೆ ಹೋಗುತ್ತದೆ: ಒಂದೂವರೆ ಲಕ್ಷದೊಳಗಿದ್ದರೆ 5 ಡಾಲರ್, 5 ಲಕ್ಷದೊಳಗೆ 25, 10 ಲಕ್ಷದೊಳಗೆ 100, ಅದಕ್ಕೂ ಮೇಲೆ 150. ನಿಮಗೆ 100. ಮೊದಲ ತ್ರೈಮಾಸಿಕದ ತೆರಿಗೆ ಕಟ್ಟಿರಬೇಕು. ‘ತಕರಾರಿದೆ, ಆಮೇಲೆ ಕಟ್ಟುತ್ತೇನೆ’ ಎಂದು ತಡೆಹಿಡಿದವರ ಅರ್ಜಿ ಅದೇ ಕಾರಣಕ್ಕೆ ಬಿದ್ದುಹೋಗುತ್ತದೆ. ಸಾಕ್ಷ್ಯದ ಪ್ರತಿಗಳು ವಿಚಾರಣೆಗೆ ಏಳು ದಿನ ಮೊದಲೇ ಅಸೆಸರ್‌ಗೂ ಮಂಡಳಿಗೂ ತಲುಪಬೇಕು. ಮನೆ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿನಲ್ಲಿದ್ದರೆ ವಕೀಲರಿಲ್ಲದೆ ವಾದಿಸುವಂತಿಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ ಅದು ಅಂಚೆಗೆ ಬಿದ್ದ 45 ದಿನದೊಳಗೆ ಟ್ಯಾಕ್ಸ್ ಕೋರ್ಟ್‌ಗೆ ಹೋಗಬಹುದು.

ಪ್ರಶ್ನೆ: ಅಸೆಸರ್ ಕಡತದಲ್ಲಿ ನಮ್ಮ ಮನೆ 3,150 ಚದರಡಿ ಎಂದಿದೆ. ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ 2,900. ಯಾವುದು ಸರಿ? ಇದಕ್ಕೂ ಮೇಲ್ಮನವಿಯೇ ದಾರಿಯೇ?

ಉತ್ತರ: ಬೇಕಿಲ್ಲ. ಇದು ಅಭಿಪ್ರಾಯಭೇದದ ಮಾತಲ್ಲ, ಅಳತೆಯ ತಪ್ಪು. ಅಸೆಸರ್ ಕಚೇರಿಗೆ ಹೋಗಿ ಮನೆಯ ‘ಪ್ರಾಪರ್ಟಿ ರೆಕಾರ್ಡ್ ಕಾರ್ಡ್’ ಪ್ರತಿ ಕೇಳಿ. ಹಲವು ಊರುಗಳಲ್ಲಿ ಅದು ಜಾಲತಾಣದಲ್ಲೇ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮನೆ ಕೊಂಡ ಪ್ರತಿಯೊಬ್ಬರೂ ಮೊದಲ ತಿಂಗಳಲ್ಲೇ ನೋಡಬೇಕಾದ ಕಾಗದ ಅದು.

ಕಾರ್ಡಿನಲ್ಲಿ ಮನೆಯ ತಳವಿನ್ಯಾಸದ ಒಂದು ರೇಖಾಚಿತ್ರ ಇರುತ್ತದೆ, ಪ್ರತಿ ಗೋಡೆಯ ಹೊರ ಅಳತೆ ಅಡಿಗಳಲ್ಲಿ. ಟೇಪ್ ಹಿಡಿದು ಹೊರಗೋಡೆ ಅಳೆದು ಅದರೊಂದಿಗೆ ಹೋಲಿಸಿ. 250 ಚದರಡಿಯ ವ್ಯತ್ಯಾಸ ಎಂದಾಗ ಮೊದಲು ಸಂಶಯ ಬರುವುದು ಮುಂಬಾಗಿಲ ಹಿಂದಿನ ಎರಡು ಮಹಡಿ ಎತ್ತರದ ಹಾಲ್ ಮೇಲೆ. ಹೊರಗಿನಿಂದ ಅಳೆದವರಿಗೆ ಮೇಲೆಯೂ ಕೆಳಗೂ ಒಂದೇ ಗೋಡೆ ಕಾಣುತ್ತದೆ. ಕೆಳಮಹಡಿಯ ಅಳತೆಯನ್ನೇ ಮೇಲ್ಮಹಡಿಗೂ ಬರೆದುಬಿಡುತ್ತಾರೆ. ಹಾಲ್ ಮೇಲೆ ನೆಲವೇ ಇಲ್ಲವಲ್ಲ, ಖಾಲಿ ಗಾಳಿ ಮಾತ್ರ. 14 ಅಡಿಗೆ 18 ಅಡಿಯ ಹಾಲ್ ಆದರೆ 252 ಚದರಡಿ. ಚದರಡಿಗೆ 150 ಡಾಲರ್ ಎಂದು ಲೆಕ್ಕ ಹಿಡಿದರೂ 37,800 ಡಾಲರ್ ಬೆಲೆ ಸುಮ್ಮನೆ ಸೇರಿಕೊಂಡಿರುತ್ತದೆ. ಶೇ 2ರ ದರದಲ್ಲಿ ವರ್ಷಕ್ಕೆ 756 ಡಾಲರ್, ನೀವು ಆ ಮನೆಯಲ್ಲಿ ಇರುವಷ್ಟು ವರ್ಷವೂ.

ಅಳತೆಗೆ ಅಮೆರಿಕದಲ್ಲಿ ‘ಆನ್ಸಿ ಜಡ್ 765’ ಎಂಬ ಮಾನದಂಡವಿದೆ. ಅದರ ಪ್ರಕಾರ ಹೀಗೆ ತೆರೆದ ಜಾಗ ಲೆಕ್ಕಕ್ಕಿಲ್ಲ. ಗ್ಯಾರೇಜ್ ಸೇರುವುದಿಲ್ಲ. ನೆಲಮಟ್ಟಕ್ಕಿಂತ ಕೆಳಗಿರುವ ಬೇಸ್‌ಮೆಂಟ್ ಎಷ್ಟೇ ಚೆನ್ನಾಗಿ ಸಿದ್ಧವಾಗಿದ್ದರೂ ಬೇರೆ ಸಾಲಿನಲ್ಲಿ ಬರಬೇಕು. ಮೇಲ್ಛಾವಣಿ 7 ಅಡಿ ಎತ್ತರ ಇರಬೇಕು, ಇಳಿಜಾರು ಛಾವಣಿಯ ಕೋಣೆಗೆ ಮಾತ್ರ ಬೇರೆ ನಿಯಮ. ಎಲ್ಲ ಟೌನ್‌ಗಳೂ ಈ ಮಾನದಂಡಕ್ಕೆ ಕಟ್ಟುಬಿದ್ದಿಲ್ಲ. ಆದರೂ ಅದರ ಹೆಸರು ಹಿಡಿದು ಕೇಳಿದರೆ ಕಚೇರಿಯವರು ಕಿವಿಗೊಡುತ್ತಾರೆ.

ಅಳತೆ ಆದಮೇಲೆ ಉಳಿದ ಸಾಲುಗಳು: ಕಟ್ಟಿದ ವರ್ಷ, ಪೂರ್ತಿ ಮತ್ತು ಅರ್ಧ ಬಾತ್‌ರೂಮ್‌ಗಳ ಎಣಿಕೆ, ಬೇಸ್‌ಮೆಂಟ್ ಸಿದ್ಧವಾಗಿದೆಯೋ ಬರಿ ಕಾಂಕ್ರೀಟೋ, ಬೆಂಕಿಗೂಡು, ನಿವೇಶನದ ವಿಸ್ತೀರ್ಣ. ಎಲ್ಲಕ್ಕಿಂತ ಮುಖ್ಯ ಕಟ್ಟಡದ ದರ್ಜೆ. ಎ, ಬಿ, ಸಿ ಎಂದು ಒಂದೇ ಅಕ್ಷರದಲ್ಲಿ ಬರೆದಿರುತ್ತದೆ, ಆ ಅಕ್ಷರ ಇಡೀ ಕಟ್ಟಡದ ಬೆಲೆಯನ್ನು ಗುಣಿಸುತ್ತದೆ. ಒಂದೇ ಬಿಲ್ಡರ್, ಒಂದೇ ಮಾದರಿ, ಒಂದೇ ವರ್ಷದ ಅಕ್ಕಪಕ್ಕದ ಮನೆಗಳಿಗೆ ಬೇರೆ ಬೇರೆ ದರ್ಜೆ ಬಿದ್ದಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ನ್ಯೂ ಜೆರ್ಸಿಯಲ್ಲಿ ಅಸೆಸರ್ ತಮ್ಮ ಪಟ್ಟಿಯನ್ನು ಜನವರಿ 10ಕ್ಕೆ ಕೌಂಟಿಗೆ ಸಲ್ಲಿಸಬೇಕು. ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲೇ ಹೋಗಿ ಮರು ಅಳತೆ ಕೇಳಿ. ಪಟ್ಟಿ ಹೋಗುವ ಮುಂಚೆಯಾದರೆ ಅವರೇ ತಿದ್ದುತ್ತಾರೆ. ಒಂದು ಎಚ್ಚರಿಕೆ: ಪರ್ಮಿಟ್ ಇಲ್ಲದೆ ಬೇಸ್‌ಮೆಂಟ್ ಸಿದ್ಧಪಡಿಸಿಕೊಂಡಿದ್ದರೆ ಅಳೆಯಲು ಬಂದವರ ಕಣ್ಣಿಗೆ ಅದೂ ಬೀಳುತ್ತದೆ. ಮೊದಲು ಪರ್ಮಿಟ್ ಸರಿಮಾಡಿಸಿಕೊಂಡು ಆಮೇಲೆ ಕರೆಯಿರಿ.

ಪ್ರಶ್ನೆ: ಊರಿಗೆಲ್ಲ ಮರುಮೌಲ್ಯಮಾಪನ ನಡೆಯುತ್ತಿದೆ. ನಮ್ಮ ಮನೆಯ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಗಿದೆ. ತೆರಿಗೆಯೂ ಎರಡರಷ್ಟಾಗುತ್ತದೆಯೇ? ಅಳೆಯಲು ಬಂದವರನ್ನು ಒಳಗೆ ಬಿಡಲೇಬೇಕೇ?

ಉತ್ತರ: ಎರಡರಷ್ಟಾಗುವುದಿಲ್ಲ. ಊರಿನ ಖರ್ಚಿಗೆ ಬೇಕಾದ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಎಲ್ಲರ ಬೆಲೆಯೂ ಎರಡರಷ್ಟಾದರೆ ದರ ಅರ್ಧಕ್ಕೆ ಇಳಿಯುತ್ತದೆ. ನೋಡಬೇಕಾದದ್ದು ಊರಿನ ಒಟ್ಟು ಬೆಲೆ ಎಷ್ಟು ಪಟ್ಟು ಏರಿತು, ನಿಮ್ಮದು ಎಷ್ಟು ಪಟ್ಟು ಎಂದು. ಊರು 1.8 ಪಟ್ಟು ಏರಿ ನೀವು 2 ಪಟ್ಟು ಏರಿದ್ದರೆ ನಿಮ್ಮ ಪಾಲು ಸುಮಾರು ಶೇ 11 ಹೆಚ್ಚಾಗುತ್ತದೆ. ಊರು 2.2 ಪಟ್ಟು ಏರಿದ್ದರೆ ಶೇ 9ರಷ್ಟು ಇಳಿಯುತ್ತದೆ.

ಒಳಗೆ ಬಿಡಿ. ಬಿಡದಿದ್ದರೆ ಒಳಗೇನಿದೆ ಎಂಬುದನ್ನು ಅವರು ಊಹಿಸಿ ಬರೆಯುತ್ತಾರೆ. ಬೇಸ್‌ಮೆಂಟ್ ಸಿದ್ಧವಾಗಿದೆ, ಅಡುಗೆಮನೆ ಹೊಸದು ಎಂದು ಊಹಿಸಿದರೆ ಆಮೇಲೆ ‘ಅಲ್ಲ’ ಎಂದು ತೋರಿಸುವ ಹೊರೆ ನಿಮ್ಮದೇ. ಬಂದವರ ಗುರುತಿನ ಚೀಟಿ ನೋಡಿ, ಟೌನ್ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅವರ ಜೊತೆಗೇ ಕೋಣೆ ಕೋಣೆ ತಿರುಗಿ ಸೋರುವ ಛಾವಣಿ, ಬಿರುಕು, ಹಳೆಯ ಬಾಯ್ಲರ್ ಎಲ್ಲವನ್ನೂ ತೋರಿಸಿ.

ಪ್ರಶ್ನೆ: ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ನೋಟಿಸ್‌ನಲ್ಲಿ ಮಾರುಕಟ್ಟೆ ಬೆಲೆ 6,00,000, ಅಸೆಸ್ ಮಾಡಿದ ಬೆಲೆ 5,28,000 ಎಂದು ಎರಡು ಅಂಕಿ ಇವೆ. ಪ್ರೊಟೆಸ್ಟ್ (ಬೆಲೆಯ ಮೇಲೆ ತಕರಾರು) ಮಾಡಿಸಿಕೊಡುತ್ತೇವೆ ಎನ್ನುವ ಕಂಪನಿಗೆ ಕೊಡುವುದು ಒಳ್ಳೆಯದೇ?

ಉತ್ತರ: ಹೋದ ವರ್ಷದ ಬೆಲೆ 4,80,000 ಇದ್ದಿರಬೇಕು. ನೀವೇ ವಾಸವಾಗಿರುವ ಮನೆಗೆ ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಗಿರುವ ರಿಯಾಯಿತಿ) ಬರೆಸಿದ್ದರೆ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರುವಂತಿಲ್ಲ, ಹೊಸದಾಗಿ ಏನಾದರೂ ಕಟ್ಟಿಸಿದ್ದರೆ ಅದು ಬೇರೆ. 4,80,000ಕ್ಕೆ ಶೇ 10 ಸೇರಿದರೆ 5,28,000. ಇಲ್ಲೇ ಜನ ಎಡವುವುದು. ಕಷ್ಟಪಟ್ಟು ವಾದಿಸಿ 6,00,000ವನ್ನು 5,60,000ಕ್ಕೆ ಇಳಿಸಿಕೊಂಡು ಬರುತ್ತಾರೆ, ತೆರಿಗೆ ಒಂದು ಸೆಂಟೂ ಕಡಿಮೆಯಾಗುವುದಿಲ್ಲ. 5,28,000ದ ಕೆಳಗೆ ಇಳಿದರೆ ಮಾತ್ರ ಲಾಭ. ‘ನಿಮ್ಮ ಬೆಲೆ 40,000 ಇಳಿಸಿದೆವು’ ಎಂದು ಹೇಳುವ ಕಂಪನಿ ಯಾವ ಅಂಕಿಯನ್ನು ಇಳಿಸಿತು, ಶುಲ್ಕ ಯಾವುದರ ಮೇಲೆ ಎಂದು ಸಹಿ ಹಾಕುವ ಮುಂಚೆ ಕೇಳಿ. ಒಂದು ಸಂಜೆ ಕೂತು ಓದುವ ತಾಳ್ಮೆಯಿದ್ದರೆ ನೀವೇ ಮಾಡಬಹುದು ಎಂಬುದು ನಮ್ಮ ಸಲಹೆ.

ಗಡುವು ಮೇ 15 ಅಥವಾ ನೋಟಿಸ್ ಕಳಿಸಿದ 30 ದಿನ, ಯಾವುದು ತಡವೋ ಅದು. ಶುಲ್ಕವಿಲ್ಲ. ಅರ್ಜಿಯಲ್ಲಿ ಎರಡು ಚೌಕಗಳಿಗೂ ಗುರುತು ಹಾಕಿ: ಮಾರುಕಟ್ಟೆ ಬೆಲೆ ತಪ್ಪು, ಮತ್ತು ಇತರ ಮನೆಗಳಿಗೆ ಹೋಲಿಸಿದರೆ ಅಸಮಾನ. ಎರಡನೆಯದೇ ಟೆಕ್ಸಸ್‌ನ ದೊಡ್ಡ ಅನುಕೂಲ. ನ್ಯೂ ಜೆರ್ಸಿಯಲ್ಲಿ ನಡೆಯದ ಪಕ್ಕದ ಮನೆಯ ವಾದ ಇಲ್ಲಿ ನಡೆಯುತ್ತದೆ. ನಿಮ್ಮಂಥ ಐದಾರು ಮನೆಗಳ ಕಡತದ ಬೆಲೆ ತೆಗೆದುಕೊಂಡು, ವಿಸ್ತೀರ್ಣ, ವಯಸ್ಸು, ಈಜುಕೊಳದಂಥ ವ್ಯತ್ಯಾಸಗಳಿಗೆ ಕೂಡಿ ಕಳೆದು, ಸಾಲಾಗಿ ಜೋಡಿಸಿ ನಡುವಿನ ಅಂಕಿ ಹಿಡಿಯಬೇಕು. ನಿಮ್ಮ ಬೆಲೆ ಆ ಮಧ್ಯಕಕ್ಕಿಂತ ಮೇಲಿದ್ದರೆ ಇಳಿಸಿ ಎಂದು ಕೇಳಬಹುದು. ಟೆಕ್ಸಸ್‌ನಲ್ಲಿ ಮಾರಾಟದ ಬೆಲೆಯನ್ನು ಸರ್ಕಾರಕ್ಕೆ ತಿಳಿಸುವ ಕಡ್ಡಾಯವಿಲ್ಲ, ಆದ್ದರಿಂದ ಮಾರಾಟದ ಅಂಕಿ ನಿಮಗೆ ಸಿಗುವುದು ಕಷ್ಟ. ಅಲ್ಲಿ ಬೆಲೆ ಕಟ್ಟುವ ಕಚೇರಿಯಾದ ಅಪ್ರೈಸಲ್ ಡಿಸ್ಟ್ರಿಕ್ಟ್ ವಿಚಾರಣೆಯಲ್ಲಿ ಬಳಸಲಿರುವ ಸಾಕ್ಷ್ಯವನ್ನು 14 ದಿನ ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ. ಕೇಳಿಯೂ ಕೊಡದೆ ಉಳಿಸಿಕೊಂಡದ್ದನ್ನು ಅವರು ವಿಚಾರಣೆಯಲ್ಲಿ ಬಳಸುವಂತಿಲ್ಲ.

ಆ ಕಡೆಯ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಯಲ್ಲಿ ಉಬ್ಬುತ್ತದೆ, ತಳಪಾಯ ಕದಲುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಎದ್ದ ಬಿರುಕುಗಳಿದ್ದರೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೊ ತೆಗೆದುಕೊಳ್ಳಿ, ಇಬ್ಬರು ಗುತ್ತಿಗೆದಾರರಿಂದ ದುರಸ್ತಿಯ ಅಂದಾಜು ಪಟ್ಟಿ ಬರೆಸಿಕೊಳ್ಳಿ. ಆ ಹಾನಿ ಜನವರಿ 1ರಂದೇ ಇತ್ತು ಎಂಬುದು ಸ್ಪಷ್ಟವಾಗಿರಬೇಕು, ಬೆಲೆ ಕಟ್ಟುವುದು ಆ ದಿನದ್ದು.

ಪ್ರಶ್ನೆ: ಇಲಿನಾಯ್‌ನ ನೇಪರ್‌ವಿಲ್‌ನಿಂದ ಬರೆಯುತ್ತಿದ್ದೇನೆ. ಬಿಲ್ಲಿನಲ್ಲಿ ಮನೆಯ ಬೆಲೆ ಮೂರನೇ ಒಂದು ಭಾಗ ಮಾತ್ರ ಇದೆ. ಇಲ್ಲಿ ಟೌನ್‌ಶಿಪ್ ಅಸೆಸರ್ ಚುನಾವಣೆಯಲ್ಲಿ ಗೆದ್ದು ಬರುತ್ತಾರೆ. ಬೆಲೆ ಕಟ್ಟುವವರಿಗೆ ಓದು, ತರಬೇತಿ ಏನೂ ಬೇಡವೇ?

ಉತ್ತರ: ಮೊದಲನೆಯದು ಸುಲಭ. ಇಲಿನಾಯ್‌ನಲ್ಲಿ ಕಾನೂನೇ ಮೂರನೇ ಒಂದು ಭಾಗ ಎನ್ನುತ್ತದೆ. ಕುಕ್ ಕೌಂಟಿಯಲ್ಲಿ ಮಾತ್ರ ವಾಸದ ಮನೆಗೆ ಶೇ 10. ಬಿಲ್ಲಿನ ಅಂಕಿಯನ್ನು ಮೂರರಿಂದ ಗುಣಿಸಿ. ಬಂದದ್ದು ನಿಮ್ಮ ಮನೆ ಮಾರಿದರೆ ಸಿಗುವುದಕ್ಕಿಂತ ಹೆಚ್ಚಿದ್ದರೆ, ಅಸೆಸ್‌ಮೆಂಟ್ ಪಟ್ಟಿ ಪತ್ರಿಕೆಯಲ್ಲಿ ಪ್ರಕಟವಾದ 30 ದಿನದೊಳಗೆ ಕೌಂಟಿಯ ಪರಿಶೀಲನಾ ಮಂಡಳಿಗೆ ದೂರು ಕೊಡಬೇಕು. ಅಂಕಿ ಚಿಕ್ಕದಾಗಿ ಕಂಡಿತೆಂದು ನೆಮ್ಮದಿಯಿಂದ ಕೂತು ಗಡುವು ಕಳೆದುಕೊಂಡವರು ಬಹಳ.

ಎರಡನೆಯ ಪ್ರಶ್ನೆ ದೊಡ್ಡದು. ಅಮೆರಿಕದಲ್ಲಿ ಇದಕ್ಕೆ ಒಂದೇ ನಿಯಮವಿಲ್ಲ. ನ್ಯೂ ಜೆರ್ಸಿಯಲ್ಲಿ ಟೌನ್ ನೇಮಿಸುವ ಅಸೆಸರ್‌ಗೆ ರಾಜ್ಯದ ತೆರಿಗೆ ವಿಭಾಗ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣಪತ್ರ ಇರಲೇಬೇಕು. ಪರೀಕ್ಷೆಗೆ ಕೂರಲು ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಬದಲಾಗಿ ಆಸ್ತಿ ಮೌಲ್ಯಮಾಪನದಲ್ಲಿ ಅನುಭವ ಬೇಕು. ಪ್ರಮಾಣಪತ್ರ ಉಳಿಸಿಕೊಳ್ಳಲು ಕಾಲಕಾಲಕ್ಕೆ ತರಗತಿಗಳಿಗೆ ಹೋಗಬೇಕು. ನಾಲ್ಕು ವರ್ಷದ ಅವಧಿ ಮುಗಿಸಿ ಮರುನೇಮಕವಾದವರಿಗೆ ಕೆಲಸದ ಭದ್ರತೆ ಸಿಗುತ್ತದೆ. ಅದು ಇರುವುದು ಅಸೆಸರ್ ಮೇಯರ್ ಮಾತಿಗೆ ಬಗ್ಗದಿರಲಿ ಎಂದು. ಟೆಕ್ಸಸ್‌ನಲ್ಲಿ ಅಪ್ರೈಸರ್‌ಗಳು ರಾಜ್ಯದ ಪರವಾನಗಿ ಇಲಾಖೆಯಲ್ಲಿ ನೋಂದಾಯಿಸಿಕೊಂಡು, ತರಗತಿ ಮತ್ತು ಪರೀಕ್ಷೆಗಳನ್ನು ಮುಗಿಸಿ, ಐದು ವರ್ಷದೊಳಗೆ ‘ರಿಜಿಸ್ಟರ್ಡ್ ಪ್ರೊಫೆಷನಲ್ ಅಪ್ರೈಸರ್’ ಆಗಬೇಕು. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ಅಸೆಸರ್ ಚುನಾಯಿತರು. ಆದರೆ ಗೆದ್ದವರೂ ರಾಜ್ಯದ ಬೋರ್ಡ್ ಆಫ್ ಈಕ್ವಲೈಸೇಷನ್‌ನಿಂದ ಅಪ್ರೈಸರ್ ಪ್ರಮಾಣಪತ್ರ ಪಡೆಯಬೇಕು, ಕೈಕೆಳಗಿನ ಅಪ್ರೈಸರ್‌ಗಳು ವರ್ಷಕ್ಕೆ 24 ಗಂಟೆ ತರಬೇತಿ ಮಾಡಬೇಕು. ನಿಮ್ಮ ಇಲಿನಾಯ್‌ನಲ್ಲೂ ದೊಡ್ಡ ಟೌನ್‌ಶಿಪ್‌ಗಳಲ್ಲಿ ಚುನಾವಣೆಗೆ ನಿಲ್ಲುವುದಕ್ಕೇ ನಿಗದಿತ ಪ್ರಮಾಣಪತ್ರ ಬೇಕು. ಹೀಗಾಗಿ ‘ಗೆದ್ದರೆ ಸಾಕು’ ಎಂಬ ನಿಮ್ಮ ಆತಂಕಕ್ಕೆ ಅಲ್ಲಿ ಅಷ್ಟು ಕಾರಣವಿಲ್ಲ.

ಪ್ರಮಾಣಪತ್ರದ ಮೇಲೆ ಇನ್ನೊಂದು ಹಂತವಿದೆ. 1934ರಲ್ಲಿ ಹುಟ್ಟಿದ ಅಸೆಸರ್‌ಗಳ ಸಂಘ, ಈಗಿನ ‘ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಅಸೆಸಿಂಗ್ ಆಫೀಸರ್ಸ್’, ಸಂಕ್ಷಿಪ್ತವಾಗಿ ಐಎಎಒ, ಬೆಲೆ ಕಟ್ಟುವ ಕೆಲಸಕ್ಕೆ ಮಾನದಂಡಗಳನ್ನು ಬರೆಯುತ್ತದೆ, ಪದವಿಗಳನ್ನೂ ಕೊಡುತ್ತದೆ. ಹೆಸರಿನ ಮುಂದೆ ‘ಸಿಎಇ’ ಎಂದಿದ್ದರೆ ಆ ಸಂಘದ ಮೇಲ್ದರ್ಜೆಯ ಪದವಿ ಎಂದು ತಿಳಿಯಿರಿ. ಆದರೂ ಅಸೆಸರ್ ಎಷ್ಟು ಓದಿದ್ದಾರೆ ಎಂಬುದಕ್ಕಿಂತ ಅವರ ಕೆಲಸ ಹೇಗಿದೆ ಎಂದು ಅಳೆಯುವುದೇ ಮೇಲು. ಅದಕ್ಕೆ ಮುಂದಿನ ಉತ್ತರ ನೋಡಿ.

ಪ್ರಶ್ನೆ: ಊರಿನ ಅಸೆಸ್‌ಮೆಂಟ್ ಒಟ್ಟಾರೆ ನ್ಯಾಯವಾಗಿದೆಯೇ ಎಂದು ಸಾಮಾನ್ಯ ಜನರು ತಿಳಿಯುವುದು ಹೇಗೆ? ಸಭೆಯಲ್ಲಿ ‘ಸಿಒಡಿ 8.9, ಬಹಳ ಒಳ್ಳೆಯದು’ ಎಂದರು.

ಉತ್ತರ: ಸಭೆಯಲ್ಲಿ ಅರ್ಧ ಹೇಳಿದ್ದಾರೆ. ಸಿಒಡಿ ಎಂದರೆ ಮಾರಾಟದ ಬೆಲೆಗೆ ಹೋಲಿಸಿದಾಗ ಮನೆಗಳಿಗೆ ಕಟ್ಟಿದ ಬೆಲೆಗಳು ಎಷ್ಟು ಚದುರಿವೆ ಎಂಬ ಅಳತೆ. ಐದು ಮನೆಗಳನ್ನಿಟ್ಟುಕೊಂಡು ಲೆಕ್ಕ ಮಾಡೋಣ. ನಿಜವಾದ ಅಧ್ಯಯನಕ್ಕೆ ಇನ್ನೂ ಎಷ್ಟೋ ಮಾರಾಟಗಳು ಬೇಕು, ಲೆಕ್ಕದ ದಾರಿ ಮಾತ್ರ ಇದೇ.

ಐದು ಮನೆಗಳು ಮಾರಾಟವಾದದ್ದು ಸಾವಿರ ಡಾಲರ್ ಲೆಕ್ಕದಲ್ಲಿ 400, 500, 600, 800, 1,000ಕ್ಕೆ. ಅಸೆಸರ್ ಕಟ್ಟಿದ್ದ ಬೆಲೆ ಅನುಕ್ರಮವಾಗಿ 420, 475, 540, 680, 750. ಒಂದೊಂದರ ಅನುಪಾತ 1.05, 0.95, 0.90, 0.85, 0.75. ನಡುವಿನದು 0.90. ಐಎಎಒ ಪ್ರಕಾರ ಈ ಮಧ್ಯಕ 0.90ರಿಂದ 1.10ರೊಳಗೆ ಇರಬೇಕು, ಇಲ್ಲಿ ಅಂಚಿನಲ್ಲಿ ತೇರ್ಗಡೆ.

ಇನ್ನು ಸಿಒಡಿ. ಪ್ರತಿ ಮನೆ ಮಧ್ಯಕದಿಂದ ಎಷ್ಟು ದೂರ ಎಂದು ನೋಡಿ: 0.15, 0.05, 0, 0.05, 0.15. ಕೂಡಿದರೆ 0.40, ಐದರಿಂದ ಭಾಗಿಸಿದರೆ 0.08. ಅದನ್ನು 0.90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 8.9. ಹಳೆಯ, ಒಂದಕ್ಕೊಂದು ಹೋಲದ ಮನೆಗಳಿರುವ ಊರಿಗೆ 5ರಿಂದ 15, ಹೊಸ ಬಡಾವಣೆಗಳಿಗೆ 5ರಿಂದ 10 ಒಪ್ಪಿತ. ಅಲ್ಲಿಗೆ ನಿಮ್ಮ ಸಭೆಯವರ ಮಾತು ಸರಿ.

ಆದರೆ ಪಟ್ಟಿಯನ್ನೊಮ್ಮೆ ಮೇಲಿಂದ ಕೆಳಗೆ ಓದಿ. ಅಗ್ಗದ ಮನೆಗೆ ಮಾರಾಟದ ಬೆಲೆಗಿಂತ ಹೆಚ್ಚು, ದುಬಾರಿ ಮನೆಗೆ ಮುಕ್ಕಾಲು. ಸಿಒಡಿ ದೂರವನ್ನಷ್ಟೇ ಅಳೆಯುತ್ತದೆ, ದಿಕ್ಕು ಅದಕ್ಕೆ ಗೊತ್ತಿಲ್ಲ. ದಿಕ್ಕು ಹಿಡಿಯಲು ಪಿಆರ್‌ಡಿ ಎಂಬ ಇನ್ನೊಂದು ಅಂಕಿ ಇದೆ. ಅನುಪಾತಗಳ ಸರಾಸರಿ 0.90. ಕಟ್ಟಿದ ಒಟ್ಟು ಬೆಲೆ 2,865ನ್ನು ಒಟ್ಟು ಮಾರಾಟ 3,300ರಿಂದ ಭಾಗಿಸಿದರೆ 0.868. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 1.037. ಇದು 0.98ರಿಂದ 1.03ರೊಳಗೆ ಇರಬೇಕಿತ್ತು. ಮೇಲೆ ಹೋಗಿದೆ ಎಂದರೆ ಸಣ್ಣ ಮನೆಯವರು ದೊಡ್ಡ ಮನೆಯವರ ಹೊರೆಯನ್ನೂ ಹೊರುತ್ತಿದ್ದಾರೆ. ಮೊದಲ ಮನೆಗೆ ಎಲ್ಲರಂತೆ 0.90 ಹಿಡಿದಿದ್ದರೆ 3,60,000 ಆಗುತ್ತಿತ್ತು, ಹಿಡಿದದ್ದು 4,20,000. 60,000ದ ಮೇಲೆ ಶೇ 2ರ ದರದಲ್ಲಿ ವರ್ಷಕ್ಕೆ 1,200 ಡಾಲರ್ ಹೆಚ್ಚು. ಮೊದಲ ಮನೆ ಕೊಂಡ ಎಳೆಯ ದಂಪತಿಗೆ, ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಇದು ದೊಡ್ಡ ಅನ್ಯಾಯ, ಅವರಿಗೆ ಗೊತ್ತೂ ಆಗುವುದಿಲ್ಲ.

ಸಭೆಯಲ್ಲಿ ಮುಂದಿನ ಸಲ ಪಿಆರ್‌ಡಿ ಎಷ್ಟು ಎಂದು ಕೇಳಿ. ಜೊತೆಗೆ ಇನ್ನೊಂದನ್ನೂ ಕೇಳಿ: ಮಾರಾಟವಾದ ಮನೆಗಳ ಬೆಲೆ ಸರಾಸರಿ ಎಷ್ಟು ಏರಿಸಿದಿರಿ, ಮಾರಾಟವಾಗದ ಮನೆಗಳದು ಎಷ್ಟು? ಮಾರಾಟವಾದ ಮನೆಗೆ ಮಾತ್ರ ಮಾರಾಟದ ಬೆಲೆಯನ್ನೇ ಬರೆದು ಉಳಿದವನ್ನು ಹಾಗೇ ಬಿಟ್ಟರೆ ಅಂಕಿಗಳೆಲ್ಲ ಚಂದ ಕಾಣುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಸೇಲ್ಸ್ ಚೇಸಿಂಗ್’ ಎಂದೇ ಹೆಸರಿದೆ, ಮಾನದಂಡದಲ್ಲಿ ಇದಕ್ಕೆ ಜಾಗವಿಲ್ಲ. ಹೊಸದಾಗಿ ಕೊಂಡವರೇ ಇದರಲ್ಲಿ ಪೆಟ್ಟು ತಿನ್ನುವುದು, ನಮ್ಮವರಲ್ಲಿ ಅಂಥವರೇ ಹೆಚ್ಚು.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 2025ರಲ್ಲಿ 15 ಲಕ್ಷ ಡಾಲರ್‌ಗೆ ಮನೆ ಕೊಂಡೆವು. ಪಕ್ಕದವರದು ಅದೇ ಅಳತೆಯ ಮನೆ, ಅವರ ತೆರಿಗೆ ನಮ್ಮದರ ಮೂರನೇ ಒಂದು ಭಾಗ. ಇದನ್ನು ಪ್ರಶ್ನಿಸಬಹುದೇ?

ಉತ್ತರ: ಆಗದು. 1978ರ ಪ್ರೊಪೊಸಿಷನ್ 13 ಪ್ರಕಾರ ಕೊಂಡಾಗಿನ ಬೆಲೆಯೇ ಬುನಾದಿ. ವರ್ಷಕ್ಕೆ ಹೆಚ್ಚೆಂದರೆ ಶೇ 2 ಏರಬಹುದು, ಮೂಲ ದರ ಶೇ 1. ಪಕ್ಕದವರು 1998ರಲ್ಲಿ 3 ಲಕ್ಷಕ್ಕೆ ಕೊಂಡಿದ್ದರೆ 27 ವರ್ಷ ಶೇ 2ರಂತೆ ಏರಿದರೂ 2025ಕ್ಕೆ ಸುಮಾರು 5.12 ಲಕ್ಷ. ನೀವು ಕೊಂಡಂದಿನಿಂದ ನಿಮ್ಮ ಮನೆಯ ಮಾರುಕಟ್ಟೆ ಬೆಲೆ ಬಿದ್ದಿದ್ದರೆ ಮಾತ್ರ ತಾತ್ಕಾಲಿಕ ಇಳಿಕೆ ಕೇಳಬಹುದು. ಅದಕ್ಕೆ ಜನವರಿ 1ರ ಬೆಲೆ ಮುಖ್ಯ, ಮಾರ್ಚ್ 31ರ ನಂತರದ ಮಾರಾಟಗಳನ್ನು ತೋರಿಸುವಂತಿಲ್ಲ. ಕೊಂಡ ಕೆಲವು ತಿಂಗಳಲ್ಲಿ ‘ಸಪ್ಲಿಮೆಂಟಲ್’ ಎಂದು ಬೇರೆ ಬಿಲ್ ಬರುತ್ತದೆ. ಅದು ಹೆಚ್ಚಾಗಿ ನಿಮ್ಮ ಹೆಸರಿಗೇ ಬರುತ್ತದೆ, ಸಾಲದ ಕಂತಿನಿಂದ ಬ್ಯಾಂಕ್ ಕಟ್ಟುತ್ತದೆ ಎಂದುಕೊಂಡು ಎತ್ತಿಡಬೇಡಿ.

ಪ್ರಶ್ನೆ: ನಾವು ಸನಿವೇಲ್‌ನಲ್ಲಿದ್ದೇವೆ, ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಕಂದಾಯವನ್ನು ಸಂಬಂಧಿಕರು ಕಟ್ಟುತ್ತಾರೆ. ಅಲ್ಲಿ ಬೆಲೆ ಕಟ್ಟುವವರು ಯಾರು?

ಉತ್ತರ: ನೀವೇ. 2008ರಿಂದ ಬೆಂಗಳೂರಿನಲ್ಲಿ ಮಾಲೀಕರೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಇದೆ. ಊರನ್ನು ಎ ಇಂದ ಎಫ್ ತನಕ ಆರು ವಲಯ ಮಾಡಿ, ಪ್ರತಿ ವಲಯಕ್ಕೂ ಚದರಡಿಗೆ ತಿಂಗಳ ದರ ಇಟ್ಟಿದ್ದಾರೆ. ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ದರದ ಎರಡರಷ್ಟು. ನಿಮ್ಮ ವಲಯದಲ್ಲಿ ಬಾಡಿಗೆಯ ದರ 4 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದುಕೊಳ್ಳಿ. 1,200 ಚದರಡಿಗೆ ಹತ್ತು ತಿಂಗಳ ಲೆಕ್ಕ, 48,000. ನಿರ್ವಹಣೆಗೆಂದು ಎರಡು ತಿಂಗಳು ಬಿಟ್ಟಿರುತ್ತಾರೆ. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಶೇ 12 ಎಂದರೆ 5,760 ಕಳೆದು 42,240. ಅದರ ಶೇ 20, ಅಂದರೆ 8,448 ರೂಪಾಯಿ ತೆರಿಗೆ, ಮೇಲೆ ಉಪಕರ. ಸ್ವಂತ ವಾಸ ಎಂದು ಬರೆದರೆ ಇದರ ಅರ್ಧ.

ನಿಮ್ಮ ಅಪಾಯ ಇರುವುದು ಇಲ್ಲೇ. ಅಪ್ಪ ಅಮ್ಮ ಆ ಮನೆಯಲ್ಲಿದ್ದಾಗ ‘ಸ್ವಂತ ವಾಸ’ ಎಂದು ಬರೆದ ಅರ್ಜಿಯನ್ನೇ ಬಾಡಿಗೆಗೆ ಕೊಟ್ಟ ಮೇಲೂ ವರ್ಷ ವರ್ಷ ಹಾಗೇ ಮುಂದುವರಿಸಿರುತ್ತಾರೆ. ಬೇರೆಯವರು ತುಂಬಿದರೂ ಘೋಷಣೆ ನಿಮ್ಮದೇ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಹಿಂದಿನ ವರ್ಷಗಳ ವ್ಯತ್ಯಾಸವನ್ನು ದಂಡ, ಬಡ್ಡಿ ಸಮೇತ ಕಟ್ಟಬೇಕು. ಕಳೆದ ಕೆಲವು ವರ್ಷಗಳ ಅರ್ಜಿಗಳನ್ನು ಪಿಐಡಿ (ಆಸ್ತಿಯ ಗುರುತಿನ) ಸಂಖ್ಯೆ ಹಾಕಿ ತೆರೆದು, ವಾಸದ ವಿವರ, ಚದರಡಿ, ಕಟ್ಟಿದ ವರ್ಷ, ಕಾರು ನಿಲ್ಲಿಸುವ ಜಾಗ ಇಷ್ಟನ್ನೂ ನೀವೇ ಓದಿ ನೋಡಿ. ತಪ್ಪಿದ್ದರೆ ನೋಟಿಸ್ ಬರುವ ಮುಂಚೆಯೇ ತಿದ್ದಿ ವ್ಯತ್ಯಾಸ ಕಟ್ಟಿ. 2025ರಲ್ಲಿ ಪಾಲಿಕೆ ಐದಾಗಿ ಒಡೆದಿರುವುದರಿಂದ ನಿಮ್ಮ ಮನೆ ಈಗ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದೆ ಎಂದು ನೋಡಿಕೊಂಡೇ ಮುಂದಿನ ಕಂತು ಕಟ್ಟಿ, ಹಳೆಯ ರಸೀದಿಗಳನ್ನೆಲ್ಲ ಇಳಿಸಿಕೊಂಡು ಇಟ್ಟುಕೊಳ್ಳಿ.